ಪರ್ಸನಾಲಿಟಿ ಟೆಸ್ಟ್‌ನಲ್ಲಿ ಸುಳ್ಳು ಉತ್ತರ ಕೊಟ್ಟರೆ ಗೊತ್ತಾಗುತ್ತದೆಯೇ?

ಇಂಟರ್‌ವ್ಯೂಗೆ ಮೊದಲು ಆನ್‌ಲೈನ್ ಪರ್ಸನಾಲಿಟಿ ಟೆಸ್ಟ್ ಇದೆ, ಎಲ್ಲದಕ್ಕೂ ಅವರಿಗೆ ಇಷ್ಟವಾಗುವ ಉತ್ತರ ಒತ್ತಿಬಿಟ್ಟರೆ ಸಿಕ್ಕಿಬೀಳುತ್ತೇನಾ ಅಂತ ಕೇಳಿದ್ದೀರಿ. ಸೈಕಾಲಜಿ ಓದಿ ಇಂಥ ಟೆಸ್ಟ್‌ಗಳ ರಿಪೋರ್ಟ್ ನೋಡುವ ಕೆಲಸದಲ್ಲೇ ಇದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ: ಒಂದೆರಡು ಸುಳ್ಳು ಯಾರಿಗೂ ಗೊತ್ತಾಗಲ್ಲ. ತೀರಾ ಸಾಚಾ ಆಗಲು ಹೋದರೆ ಮಾತ್ರ ಎದ್ದು ಕಾಣುತ್ತೆ.

ಹೀಗೆ ಹಿಡಿಯುವ ತಂತ್ರ ಹಳೆಯದು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಹ್ಯಾಥವೇ ಮತ್ತು ಮೆಕಿನ್ಲಿ 1940ರ ದಶಕದಲ್ಲಿ ತಂದ ಎಂಎಂಪಿಐ ಅನ್ನುವ ವ್ಯಕ್ತಿತ್ವ ಪರೀಕ್ಷೆಯಲ್ಲೇ ‘ಎಲ್’ (ಲೈ, ಅಂದರೆ ಸುಳ್ಳು) ಅನ್ನುವ 15 ಪ್ರಶ್ನೆಗಳ ಸ್ಕೇಲ್ ಇದೆ. ‘ನನಗೆ ಕೆಲವೊಮ್ಮೆ ಸಿಟ್ಟು ಬರುತ್ತೆ’ ಅನ್ನುವ ಧಾಟಿಯವು. ಅಂಥ ಒಂದಕ್ಕೆ ಇಲ್ಲ ಅಂದರೆ ಚಿಂತೆಯಿಲ್ಲ. ಸಾಲಾಗಿ ಹತ್ತು ಹನ್ನೆರಡಕ್ಕೆ ಅಂದರೆ ಓದುವವರು ಹುಬ್ಬೇರಿಸುತ್ತಾರೆ.

ಉಲ್ಟಾ ನಾಟಕವೂ ಉಂಟು. ಪರಿಹಾರಕ್ಕೋ ಶಿಕ್ಷೆ ತಪ್ಪಿಸಿಕೊಳ್ಳಲೋ ಕಾಯಿಲೆ ಇದೆ ಅಂತ ತೋರಿಸುವವರು. ಅವರಿಗೆ ಅದೇ ಪರೀಕ್ಷೆಯ ‘ಎಫ್’ ಸ್ಕೇಲ್. ಸಾಮಾನ್ಯ ಜನರಲ್ಲಿ ನೂರಕ್ಕೆ ಹತ್ತು ಮಂದಿಯೂ ಒಪ್ಪದ ವಿಚಿತ್ರ ಹೇಳಿಕೆಗಳನ್ನೇ ಆರಿಸಿ ಇದನ್ನು ಕಟ್ಟಿದ್ದು. ನಿಜವಾದ ರೋಗಿಗೆ ತನ್ನ ಕಾಯಿಲೆಗೆ ತಕ್ಕ ಕೆಲವು ಲಕ್ಷಣಗಳಿರುತ್ತವೆ. ನಟಿಸುವವನು ಹುಚ್ಚು ಅಂತ ಕಂಡಿದ್ದಕ್ಕೆಲ್ಲ ಟಿಕ್ ಹಾಕುತ್ತಾ ಹೋಗುತ್ತಾನೆ. ಆದರೂ ತೀವ್ರ ಸಂಕಟದಲ್ಲಿರುವವರಿಗೂ, ಪ್ರಶ್ನೆ ಓದದೆ ಒತ್ತಿದವರಿಗೂ ಎಫ್ ಏರುತ್ತೆ. 1989ರ ಪರಿಷ್ಕೃತ ಆವೃತ್ತಿಯಲ್ಲಿ ಅದಕ್ಕೇ ಒಂದೇ ಅರ್ಥದ ಅಥವಾ ವಿರುದ್ಧಾರ್ಥದ ಪ್ರಶ್ನೆಗಳ ಜೋಡಿ ನೋಡಿ ತಾಳೆ ಹಾಕುವ ಲೆಕ್ಕವೂ ಸೇರಿತು.

ನನಗೆ ತುಂಬಾ ಇಷ್ಟವಾದದ್ದು ಕೆನಡಾದ ಮನೋವಿಜ್ಞಾನಿ ಡೆಲ್ರಾಯ್ ಪಾಲ್ಹಸ್ ಅವರ ವಿಧಾನ. ಒಂದಷ್ಟು ಹೆಸರು ಕೊಟ್ಟು ‘ಇವು ನಿಮಗೆಷ್ಟು ಗೊತ್ತು?’ ಅಂತ ಕೇಳುತ್ತಾರೆ. ನಡುವೆ ಕೆಲವು ಶುದ್ಧ ಕಟ್ಟುಕಥೆ, ಅಂಥ ವಸ್ತುವೇ ಇಲ್ಲ. ‘ಚೆನ್ನಾಗಿ ಗೊತ್ತು’ ಅಂದವರ ಕಥೆ ಮುಗೀತು!

ಆದರೆ ಎಲ್ ಸ್ಕೋರ್ ಜಾಸ್ತಿ ಬಂದ ಮಾತ್ರಕ್ಕೆ ಸುಳ್ಳುಗಾರ ಅನ್ನುವುದನ್ನು ನಾನು ಒಪ್ಪಲ್ಲ. ಕಟ್ಟುನಿಟ್ಟಾದ, ದೈವಭಕ್ತಿಯ ಮನೆಯಲ್ಲಿ ಬೆಳೆದವರಿಗೂ ಅದು ಏರುತ್ತೆ. ಅಪ್ಪನಿಗೆ ಎದುರು ಮಾತಾಡಿಲ್ಲ ಅನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರಲ್ಲ, ಅವರೆಲ್ಲ ನಾಟಕ ಮಾಡುತ್ತಿಲ್ಲ.

ಕೆಲಸದ ಟೆಸ್ಟ್‌ಗಳಲ್ಲಿ ಈಗ ಹಿಡಿಯುವುದಕ್ಕಿಂತ ತಡೆಯುವ ದಾರಿಯೂ ಇದೆ. ‘ಶಿಸ್ತಿನವನು’, ‘ಸ್ನೇಹಜೀವಿ’ ಎರಡೂ ಒಳ್ಳೆಯವೇ, ಒಂದನ್ನೇ ಆರಿಸಬೇಕು. 1950ರ ದಶಕದಲ್ಲೇ ಅಮೆರಿಕದ ಮನೋವಿಜ್ಞಾನಿ ಆಲೆನ್ ಎಡ್ವರ್ಡ್ಸ್ ಹೀಗೆ ಜೋಡಿ ಕಟ್ಟಿದ್ದರು. ಯಾವುದು ‘ಒಳ್ಳೆ ಉತ್ತರ’ ಅಂತ ಊಹಿಸುವುದೇ ಕಷ್ಟ.

ಇನ್ನು ನಿಮ್ಮ ವಿಷಯ. ಸ್ಕೋರ್ ಅನುಮಾನ ಹುಟ್ಟಿಸಿದರೆ ಸಾಮಾನ್ಯವಾಗಿ ರಿಪೋರ್ಟ್‌ನಲ್ಲಿ ‘ಎಚ್ಚರಿಕೆಯಿಂದ ಓದಿ’ ಅಂತ ಒಂದು ಸಾಲು ಇರುತ್ತೆ, ಅಷ್ಟೇ. ಅದನ್ನು ಓದಿಕೊಂಡು ಬಂದವರು ಇಂಟರ್‌ವ್ಯೂನಲ್ಲಿ ಕೇಳುವುದು ಹೀಗೆ: “ಯಾರ ಜೊತೆಗೂ ಮನಸ್ತಾಪವೇ ಆಗಿಲ್ಲ ಅಂದಿದ್ದೀರಿ. ಹಿಂದಿನ ಕೆಲಸದಲ್ಲಿ ಡೆಡ್‌ಲೈನ್ ತಪ್ಪಿದಾಗ ಮ್ಯಾನೇಜರ್ ಏನಂದರು, ನೀವೇನಂದಿರಿ?” ಅದಕ್ಕೊಂದು ನಿಜವಾದ ಉತ್ತರ ರೆಡಿ ಇಟ್ಟುಕೊಳ್ಳಿ.