ಸಂಪಾದಕರ ಉತ್ತರ: ಹೊರೆ ಯಾರದು, ಹೆಸರು ಯಾರಿಗೆ?

ಡೊಂಬಿವಲಿಯ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ಬರೆಯುತ್ತಾರೆ: ‘ನನ್ನ ಮಗನಿಗೆ ದಿನವೂ “ಓವರ್‌ವೆಲ್ಮ್” ಆಗುತ್ತದೆ, ಸೊಸೆಗೆ “ಬರ್ನ್‌ಔಟ್”, ಹತ್ತನೆಯ ತರಗತಿಯ ಮೊಮ್ಮಗಳಿಗೆ “ಆಂಗ್ಸೈಟಿ”. ಲೋಕಲ್‌ನಲ್ಲಿ ನೇತಾಡಿಕೊಂಡು ಹೋಗಿ ದುಡಿದ ನಮಗೆ ಇವು ಯಾವುವೂ ಇರಲಿಲ್ಲ. ಕಳೆದ ಸಂಚಿಕೆಯ ಕತೆಯಲ್ಲಿಯೂ ಇವೇ ಪದಗಳು. ಕನ್ನಡ ಪತ್ರಿಕೆಯ ಸಂಪಾದಕರು ಇವನ್ನು ತಡೆಯಬಾರದೆ?’

ಮಾನ್ಯರೇ,

ನಿಮ್ಮ ಸಿಟ್ಟಿನಲ್ಲಿ ಅರ್ಧ ನನ್ನದೂ ಹೌದು. ಆದರೆ ಅದು ಮಗನ ಮೇಲೆ ತಿರುಗಿರುವುದು ನನಗೆ ಸರಿ ಕಾಣುವುದಿಲ್ಲ.

ಮೊದಲು ಈ ಪದಗಳಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡೋಣ. ಸಂಕಟವನ್ನು ಹೆಸರಿಟ್ಟು ಹೇಳಲು ಬಂದದ್ದರಿಂದಲೇ ಎಷ್ಟೋ ಮಂದಿ ಸಂಕೋಚ ಬಿಟ್ಟು ವೈದ್ಯರ ಬಳಿ ಹೋಗಿದ್ದಾರೆ. ನಿಮ್ಮ ಮೊಮ್ಮಗಳಿಗೆ ವಾರಗಟ್ಟಲೆ ನಿದ್ದೆ, ಊಟ ತಪ್ಪುತ್ತಿದ್ದರೆ ಪದದ ಚರ್ಚೆಯನ್ನು ಬದಿಗಿಟ್ಟು ವೈದ್ಯರಿಗೆ ತೋರಿಸಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ‘ನಮಗೆ ಇರಲಿಲ್ಲ’ ಎಂಬ ಮಾತನ್ನಂತೂ ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ಇತ್ತು. ಅದನ್ನು ನಾವು ಗ್ಯಾಸ್, ಬಿ.ಪಿ., ನರದ ವೀಕ್‌ನೆಸ್ ಎನ್ನುತ್ತಿದ್ದೆವು. ಮುಂಬಯಿಗೆ ಬಂದ ಮೇಲೆ ಟೆನ್ಶನ್ ಎಂದೆವು. ಹೋಟೆಲಿನ ಹುಡುಗನೊಬ್ಬ ಇದ್ದಕ್ಕಿದ್ದಂತೆ ಮಾತು ಬಿಟ್ಟು ಮೂಲೆ ಹಿಡಿದರೆ ಊರಿನ ಬಸ್ಸು ಹತ್ತಿಸಿ ಕಳಿಸುವುದೇ ನಮ್ಮವರಿಗೆ ತಿಳಿದ ಚಿಕಿತ್ಸೆಯಾಗಿತ್ತು. ಕನ್ನಡದಲ್ಲಿ ಓದಲು ಏನೂ ಇರಲಿಲ್ಲವೆಂದು ನೆಪ ಹೇಳುವಂತೆಯೂ ಇಲ್ಲ: ಕೊರವಂಜಿ ಹಾಸ್ಯಪತ್ರಿಕೆಯ ‘ರಾಶಿ’, ಅಂದರೆ ಡಾ. ಎಂ. ಶಿವರಾಂ, ಮನೋರೋಗಗಳ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಗೆಬರಹ ಬರೆಯುತ್ತಿದ್ದ ವೈದ್ಯರು ಮಾಡಿದ ಕೆಲಸವನ್ನು ನಾವು ಕಪಾಟಿನಲ್ಲಿಟ್ಟು ಮರೆತೆವು.

ಈಗ ನನ್ನ ಕೋಪಕ್ಕೆ ಬರುತ್ತೇನೆ. ಈ ಪದಗಳು ಹುಟ್ಟಿನಲ್ಲಿ ಮನುಷ್ಯನ ಹೊರಗಿನ ಹೊರೆಯನ್ನು ತೋರಿಸುತ್ತಿದ್ದವು. ಇಂದು ಹೊರೆ ಹೊತ್ತವನ ಸ್ವಭಾವವನ್ನು ತೋರಿಸುತ್ತವೆ. ಓವರ್‌ವೆಲ್ಮ್ ಎಂದರೆ ಬೋರಲಾಗಿಸುವುದು, ಮಗುಚುವುದು. ಅಲೆ ದೋಣಿಯನ್ನು ಮುಳುಗಿಸಿದಾಗ ಇಂಗ್ಲಿಷರು ಅದನ್ನು ಬಳಸುತ್ತಿದ್ದರು, ಅಲ್ಲಿ ದೋಷ ದೋಣಿಯದಲ್ಲ. ಸ್ಟ್ರೆಸ್ ಎಂಬುದನ್ನು ಎಂಜಿನಿಯರರಿಂದ ಪಡೆದವರು ವಿಯೆನ್ನಾದಲ್ಲಿ ಹುಟ್ಟಿ ಮಾಂಟ್ರಿಯಲ್‌ನಲ್ಲಿ ನೆಲೆಸಿದ ವಿಜ್ಞಾನಿ ಹ್ಯಾನ್ಸ್ ಸೆಲ್ಯೆ. ಚಳಿ, ಗಾಯ, ವಿಷ ಯಾವುದಕ್ಕೆ ಒಡ್ಡಿದರೂ ಇಲಿಗಳ ದೇಹ ಒಂದೇ ಬಗೆಯಲ್ಲಿ ಸ್ಪಂದಿಸುತ್ತದೆಂದು 1936ರಲ್ಲಿ ಬರೆದ ಅವರು, ಆ ಸ್ಪಂದನವನ್ನು ಮುಂದೆ ಸ್ಟ್ರೆಸ್ ಎಂದು ಕರೆದರು. ತೊಲೆಯ ಮೇಲಿನ ಒತ್ತಡ ಸ್ಟ್ರೆಸ್, ಅದರಿಂದ ತೊಲೆ ಬಾಗುವುದು ಸ್ಟ್ರೇನ್. ತಾವು ಎರಡನೆಯದನ್ನು ಆರಿಸಬೇಕಿತ್ತೆಂದು ಸೆಲ್ಯೆ ಅವರೇ ಅನಂತರ ಹೇಳಿದರು. ಅಷ್ಟರಲ್ಲಿ ಒತ್ತಡದ ಹೆಸರು ತೊಲೆಗೆ ಅಂಟಿಕೊಂಡಾಗಿತ್ತು.

ಬರ್ನ್‌ಔಟ್‌ನ ಕತೆ ಇನ್ನೂ ಸ್ಪಷ್ಟವಾಗಿದೆ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ಹಗಲಿರುಳು ದುಡಿದು ಬಸವಳಿದ ಸ್ವಯಂಸೇವಕರನ್ನು ಕಂಡು ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ ಅದರ ಬಗ್ಗೆ ಬರೆದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಯೆಂದು ಪರಿಗಣಿಸದೆ, ಸರಿಯಾಗಿ ನಿಭಾಯಿಸದ ಉದ್ಯೋಗದ ಒತ್ತಡದ ಫಲವೆಂದು ವಿವರಿಸಿತು. ಬದುಕಿನ ಬೇರೆ ಸಂದರ್ಭಗಳಿಗೆ ಅದನ್ನು ಬಳಸಬಾರದೆಂದೂ ಹೇಳಿತು. (ಕಚೇರಿಯಿಂದ ಬಂದು ಒಲೆ ಹಚ್ಚುವ ನಿಮ್ಮ ಸೊಸೆಯ ಎರಡನೆಯ ಪಾಳಿಗೆ ಆ ವಿವರಣೆಯಲ್ಲಿ ಜಾಗವಿಲ್ಲ. ನಿಮ್ಮ ಪತ್ರದಲ್ಲಿಯೂ ಇರಲಿಲ್ಲ.)

ನನ್ನ ತಂಗಿಯ ಮಗಳು ಲೋವರ್ ಪರೇಲ್‌ನ ಕಚೇರಿಯೊಂದರಲ್ಲಿದ್ದಾಳೆ. ಅವಳ ವಿಭಾಗದಲ್ಲಿ ಇಬ್ಬರು ಕೆಲಸ ಬಿಟ್ಟರು. ಆ ಜಾಗಗಳಿಗೆ ಯಾರನ್ನೂ ತೆಗೆದುಕೊಳ್ಳದೆ ಕೆಲಸವನ್ನೆಲ್ಲ ಇವಳ ಮೇಲೆ ಹಾಕಿದರು. ತನಗೆ ಓವರ್‌ವೆಲ್ಮ್ ಆಗುತ್ತಿದೆಯೆಂದು ಮೇಲಧಿಕಾರಿಗೆ ಹೇಳಿದಳು. ಅವರು ಬಹಳ ಮರುಕದಿಂದ ಕೇಳಿ, ಊಟದ ಬಿಡುವಿನಲ್ಲಿ ನಡೆಯುವ ಪ್ರಾಣಾಯಾಮದ ತರಗತಿಗೆ ಅವಳ ಹೆಸರು ಬರೆಸಿದರು. ‘ಮೂವರ ಕೆಲಸ ಒಬ್ಬಳೇ ಮಾಡುತ್ತಿದ್ದೇನೆ’ ಎಂದಿದ್ದರೆ ಪ್ರಾಣಾಯಾಮವನ್ನು ಉತ್ತರವಾಗಿ ಕೊಡಲು ಅವರಿಗೂ ನಾಚಿಕೆಯಾಗುತ್ತಿತ್ತು.

ಅದೇ ಲೋವರ್ ಪರೇಲ್‌ನಲ್ಲಿ ಹಿಂದೆ ಬಟ್ಟೆ ಮಿಲ್ಲುಗಳಿದ್ದವು. ಪಾಳಿ ಮುಗಿಯಿತೆಂದು ಭೋಂಗಾ ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಒಬ್ಬ ನೇಕಾರ ಎರಡರ ಬದಲು ಮೂರು ಮಗ್ಗಗಳನ್ನು ನೋಡಿಕೊಳ್ಳಬೇಕೆಂಬ ಏರ್ಪಾಡನ್ನು ವಿರೋಧಿಸಿ 1928ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ತಿಂಗಳುಗಟ್ಟಲೆ ಮುಷ್ಕರ ಹೂಡಿದರು. ತಮಗೆ ಏನೆನ್ನಿಸುತ್ತಿದೆಯೆಂದು ಅವರು ಹೇಳಿದ್ದರೆ ಮಾಲೀಕರಿಗೆ ಬಹಳ ಅನುಕೂಲವಾಗುತ್ತಿತ್ತು; ಕಾರ್ಮಿಕರು ಮಗ್ಗಗಳ ಲೆಕ್ಕ ಹೇಳಿದರು. ಇಂದಿನ ಕಚೇರಿಗೆ ಭೋಂಗಾ ಇಲ್ಲ, ರಾತ್ರಿ ಹನ್ನೊಂದಕ್ಕೂ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೆಲಸ ಬಂದು ಬೀಳುತ್ತದೆ, ಮತ್ತು ಲೆಕ್ಕ ಕೇಳಬೇಕಾದ ಹುಡುಗರಿಗೆ ನಾವು ಭಾವನೆಯ ಪದಗಳನ್ನು ಮಾತ್ರ ಕಲಿಸಿದ್ದೇವೆ.

ಕತೆಯ ವಿಷಯಕ್ಕೆ ಬಂದರೆ, ಪಾತ್ರದ ಬಾಯಿಂದ ಬಂದ ಪದವನ್ನು ನಾನು ಅಳಿಸುವುದಿಲ್ಲ. ಅಂಧೇರಿಯ ಹುಡುಗ ‘ನನಗೆ ದಿಕ್ಕೇ ತೋಚದಾಗಿದೆ’ ಎಂದು ಬಾಡಿಗೆಯ ಕನ್ನಡ ಆಡಿದರೆ ಓದುಗರು ನಗುತ್ತಾರೆ. ಕತೆಗಾರರೇ ಆ ಒಂದು ಪದದಲ್ಲಿ ನಿಂತುಬಿಟ್ಟಾಗ ಮಾತ್ರ, ಕಚೇರಿಯಲ್ಲಿ ಆ ದಿನ ನಡೆದದ್ದೇನು ಎಂದು ಕೇಳಿ ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸುತ್ತೇನೆ.

ಮಗನನ್ನು ನೀವೂ ಹಾಗೆಯೇ ಕೇಳಬೇಕಿತ್ತು. ಮೂವತ್ತು ವರ್ಷ ಲೆಡ್ಜರಿನ ಅಂಕಣ ಕೂಡಿಸಿದವರು ‘ಎಷ್ಟು ಜನರ ಕೆಲಸ, ಎಷ್ಟು ಗಂಟೆಯವರೆಗೆ?’ ಎಂದು ಕೇಳದೆ ‘ನಮಗೆ ಇರಲಿಲ್ಲ’ ಎಂದದ್ದು ನನಗೆ ಆಶ್ಚರ್ಯ ತಂದಿದೆ. ನಿಮ್ಮ ಕಾಲದಲ್ಲಿ ವರ್ಷಾಂತ್ಯದ ಕ್ಲೋಸಿಂಗ್‌ಗೆ ರಾತ್ರಿ ಕುಳಿತರೆ ಓವರ್‌ಟೈಮ್ ಇತ್ತು, ಜನ ಸಾಲದಿದ್ದರೆ ಮ್ಯಾನೇಜರರ ಕೋಣೆಗೆ ನುಗ್ಗುವ ಯೂನಿಯನ್ ಇತ್ತು. ಅದರ ಬಗ್ಗೆ, ಯಾರು ಏನು ಕೇಳಿದರು, ಏನು ಸಿಕ್ಕಿತು ಎಂಬ ವಿವರಗಳೊಡನೆ ನಮಗೊಂದು ಲೇಖನ ಬರೆದುಕೊಡಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಬಿಟ್ಟಿರುತ್ತೇನೆ.