ಒಳ್ಳೆಯವರಾಗಿಯೇ ತೋರಿಸಿದರೂ ತಕರಾರು ಯಾಕೆ?

‘ಈಗಿನ ಹಾಲಿವುಡ್ ಸಿನಿಮಾಗಳಲ್ಲಿ ಕಪ್ಪು ಜನರನ್ನು ಒಳ್ಳೆಯವರಾಗಿಯೇ ತೋರಿಸುತ್ತಾರಲ್ಲ, ಆದರೂ ಜನಾಂಗೀಯ ಸ್ಟೀರಿಯೊಟೈಪ್ (ಒಂದೇ ಅಚ್ಚಿನ ಚಿತ್ರಣ) ಅಂತ ಯಾಕೆ ದೂರುತ್ತಾರೆ?’ ಎಂದು ಕೇಳಿದ್ದೀರಿ.

ರೌಡಿ, ಡ್ರಗ್ಸ್ ಮಾರುವವನು, ಪೆದ್ದು ಕೆಲಸದಾಳು. ಕಪ್ಪು ನಟರಿಗೆ ಇಂಥ ಪಾತ್ರ ಕೊಟ್ಟರೆ ಅವಮಾನ ಅಂತ ಎಲ್ಲರಿಗೂ ತಿಳಿಯುತ್ತದೆ. ನನಗೆ ಜಾಸ್ತಿ ಸಂಕಟ ಕೊಡುವುದು ಒಳ್ಳೆಯ ಪಾತ್ರಗಳೇ. ಅವರು ಯಾರ ಪಾಲಿಗೆ ಒಳ್ಳೆಯವರು ಅನ್ನುವುದನ್ನು ಗಮನಿಸಿ.

1999ರ ‘ದಿ ಗ್ರೀನ್ ಮೈಲ್’ ತೆಗೆದುಕೊಳ್ಳಿ. ಇಬ್ಬರು ಬಿಳಿಯ ಹುಡುಗಿಯರನ್ನು ಕೊಂದನೆಂಬ ಸುಳ್ಳು ಆರೋಪಕ್ಕೆ ಜಾನ್ ಕಾಫಿ ಎಂಬ ಕಪ್ಪು ಮನುಷ್ಯನಿಗೆ ಮರಣದಂಡನೆಯಾಗಿದೆ. ಅವನು ಮುಟ್ಟಿದರೆ ರೋಗ ವಾಸಿಯಾಗುತ್ತದೆ. ಜೈಲಿನ ಬಿಳಿಯ ಅಧಿಕಾರಿಯ ಮೂತ್ರದ ಸೋಂಕು ಹೋಗುತ್ತದೆ, ವಾರ್ಡನ್ ಹೆಂಡತಿಯ ಮೆದುಳಿನ ಗಡ್ಡೆ ಹೋಗುತ್ತದೆ. ಅವನು ನಿರಪರಾಧಿ ಅಂತ ಗೊತ್ತಿದ್ದವರೇ ಕೊನೆಗೆ ಅವನನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸುತ್ತಾರೆ. ‘ಸಾಕಾಗಿದೆ, ಹೋಗಿಬಿಡುತ್ತೇನೆ’ ಎಂದು ಅವನ ಬಾಯಿಂದಲೇ ಹೇಳಿಸಿದ್ದಾರೆ. ಅಲ್ಲಿಗೆ ನಮಗೆ ಬರಬೇಕಾದ ಸಿಟ್ಟೂ ಕರಗಿಹೋಗುತ್ತದೆ. ಅವನ ಮನೆ ಎಲ್ಲಿ, ತಾಯಿ ಯಾರು, ಏನೂ ಗೊತ್ತಾಗುವುದಿಲ್ಲ. ಕಾಫಿಯ ಪಾತ್ರದಲ್ಲಿ ಮೈಕೆಲ್ ಕ್ಲಾರ್ಕ್ ಡಂಕನ್ ಅಭಿನಯ ನೋಡಿ ನಾನೂ ಅತ್ತಿದ್ದೇನೆ. ಅದಕ್ಕೇ ಇದು ಇನ್ನೂ ಚುಚ್ಚುತ್ತದೆ.

ಮರುವರ್ಷ ಬಂದ ‘ದಿ ಲೆಜೆಂಡ್ ಆಫ್ ಬ್ಯಾಗರ್ ವ್ಯಾನ್ಸ್’ನಲ್ಲಿ ವಿಲ್ ಸ್ಮಿತ್ ದೇವದೂತನಂಥ ಕ್ಯಾಡಿ, ಅಂದರೆ ಗಾಲ್ಫ್ ಆಟಗಾರನ ಚೀಲ ಹೊರುವ ಸಹಾಯಕ. ಕಪ್ಪು ಸಿನಿಮಾ ನಿರ್ದೇಶಕ ಸ್ಪೈಕ್ ಲೀ ಈ ಚಿತ್ರವನ್ನು ಕಟುವಾಗಿ ಟೀಕಿಸಿದರು. ಕಥೆ ನಡೆಯುವ ಕಾಲದಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಕಪ್ಪು ಜನರನ್ನು ಗುಂಪುಗಟ್ಟಿ ಕೊಲ್ಲುತ್ತಿದ್ದರು. ಇವನು ತನ್ನ ಶಕ್ತಿಯನ್ನೆಲ್ಲ ಬಿಳಿಯನ ಗಾಲ್ಫ್ ಸರಿ ಮಾಡಲು ಬಳಸುತ್ತಾನೆ!

ಇದು ಹಳೆಯ ರೋಗ. 1958ರ ‘ದಿ ಡಿಫೈಂಟ್ ಒನ್ಸ್’ನಲ್ಲಿ ಕಪ್ಪು ನಟ ಸಿಡ್ನಿ ಪಾಯ್ಟಿಯರ್ ತಪ್ಪಿಸಿಕೊಂಡು ಓಡುತ್ತಿರುವ ಕೈದಿ. ಕೊನೆಗೆ ರೈಲು ಹತ್ತುತ್ತಾನೆ. ಜೊತೆಗಾರ ಬಿಳಿಯನಿಗೆ ಹತ್ತಲಾಗದಾಗ ಇವನೂ ಕೆಳಗೆ ಬೀಳುತ್ತಾನೆ. ಅದನ್ನು ನೋಡಿ ಬಿಳಿಯ ಪ್ರೇಕ್ಷಕರಿಗೆ ಸಮಾಧಾನವಾಯಿತು. ನ್ಯೂಯಾರ್ಕ್‌ನಲ್ಲಿ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಪ್ರೇಕ್ಷಕರು ‘ಲೋ ದಡ್ಡ, ರೈಲು ಹತ್ತೋ’ ಎಂದು ಕೂಗಿದರಂತೆ. ಲೇಖಕ ಜೇಮ್ಸ್ ಬಾಲ್ಡ್ವಿನ್ ಇದನ್ನು ದಾಖಲಿಸಿದ್ದಾರೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಸಿಕ್ಕಿಲ್ಲ.

ಇದರ ಹಿಂದೆ ದುಡ್ಡಿನ ಲೆಕ್ಕವೂ ಇತ್ತು. 1940ರ ದಶಕದಲ್ಲಿ ಹಾಲಿವುಡ್‌ನ ಎಂಜಿಎಂ ಸ್ಟುಡಿಯೊ ಕಪ್ಪು ಗಾಯಕಿ ಲೀನಾ ಹಾರ್ನ್ ಹಾಡುಗಳನ್ನು ಕಥೆಗೆ ಅಂಟದಂತೆ ಚಿತ್ರಿಸುತ್ತಿತ್ತು. ಕಪ್ಪು ಜನರನ್ನು ದೂರವಿಟ್ಟಿದ್ದ ಅಮೆರಿಕದ ದಕ್ಷಿಣದ ರಾಜ್ಯಗಳ ಥಿಯೇಟರ್‌ಗಳಿಗೆ ಕಳಿಸುವಾಗ ಸುಲಭವಾಗಿ ಕತ್ತರಿಸಬಹುದಿತ್ತು. ಕತ್ತರಿಸಿದರೂ ಕಥೆಗೆ ಏನೂ ಆಗಬಾರದು. ಹೀಗಿದ್ದಾಗ ಕಪ್ಪು ಪಾತ್ರಕ್ಕೆ ಮನೆ, ಸಂಸಾರ, ಸ್ವಂತ ಆಸೆ ಎಲ್ಲಿಂದ ಬರಬೇಕು ಹೇಳಿ?

ಈಗ ಬದಲಾಗಿದೆ, ಆದರೆ ಪೂರ್ತಿ ಅಲ್ಲ. ಕಪ್ಪು ನಟ ಮಹರ್ಶಲಾ ಅಲಿ ಎರಡು ಸಲ ಆಸ್ಕರ್ ಗೆದ್ದರು. ಒಂದು 2018ರ ‘ಗ್ರೀನ್ ಬುಕ್’ಗೆ. ಅಲ್ಲಿ ಅವರು ಡಾನ್ ಶರ್ಲಿ ಎಂಬ ನಿಜವಾದ ಪಿಯಾನೊ ಕಲಾವಿದ. ಆದರೆ ಕಥೆ ಹೇಳುವುದು ಬಿಳಿಯ ಡ್ರೈವರ್ ಕಡೆಯಿಂದ. ಚಿತ್ರಕಥೆ ಬರೆದವರಲ್ಲಿ ಆ ಡ್ರೈವರ್‌ನ ಮಗನೂ ಒಬ್ಬರು. ಕಪ್ಪು ಜನರನ್ನು ಹಂಗಿಸಲು ಬಳಸುವ ಫ್ರೈಡ್ ಚಿಕನ್ ತಿನ್ನುವುದನ್ನೂ ಡ್ರೈವರೇ ಶರ್ಲಿಗೆ ಕಲಿಸುತ್ತಾನೆ. ಮನೆಯವರಿಂದ ದೂರವಾದ ಒಂಟಿ ಮನುಷ್ಯ ಅಂತ ತೋರಿಸಿದ್ದು ಸುಳ್ಳು ಎಂದು ಶರ್ಲಿ ಕುಟುಂಬದವರು ಬಹಿರಂಗವಾಗಿ ಹೇಳಿದರು. ಅಷ್ಟಾದರೂ ಅತ್ಯುತ್ತಮ ಚಿತ್ರದ ಆಸ್ಕರ್ ಅದಕ್ಕೇ ಹೋಯಿತು.

ಇನ್ನೊಂದು 2016ರ ‘ಮೂನ್‌ಲೈಟ್’. ಅಲ್ಲಿ ಅಲಿಯದು ಹ್ವಾನ್ ಎಂಬ ಡ್ರಗ್ಸ್ ಮಾರುವವನ ಪಾತ್ರ. ಕೇಳಿದರೆ ಅದೇ ಹಳೇ ಅಚ್ಚು ಅನ್ನಿಸುತ್ತದೆ, ಅಲ್ವಾ? ಆದರೆ ಅವನು ಒಬ್ಬ ಪುಟ್ಟ ಹುಡುಗನಿಗೆ ಈಜು ಕಲಿಸುತ್ತಾನೆ, ಊಟ ಹಾಕುತ್ತಾನೆ. ಆ ಹುಡುಗನ ತಾಯಿಯನ್ನು ಹಾಳು ಮಾಡುತ್ತಿರುವ ಡ್ರಗ್ಸ್ ಮಾರುವವನೂ ಅವನೇ. ಹುಡುಗ ನೇರವಾಗಿ ಕೇಳಿದಾಗ ಸುಳ್ಳು ಹೇಳುವುದಿಲ್ಲ. ಅವನು ಒಳ್ಳೆಯವನೂ ಹೌದು, ತಪ್ಪು ಮಾಡುವವನೂ ಹೌದು. ಯಾವ ಬಿಳಿಯನನ್ನೂ ಉದ್ಧಾರ ಮಾಡುವ ಕೆಲಸ ಅವನಿಗಿಲ್ಲ. ಸಾಧ್ಯವಾದರೆ ಮೊದಲು ಇದನ್ನು ನೋಡಿ, ಆಮೇಲೆ ‘ಗ್ರೀನ್ ಬುಕ್’ ನೋಡಿ.