ನೂರು ಜನರ ದ್ವೀಪಕ್ಕೊಂದು ಪುರಸಭೆ

ಶಿರಸಿಯ ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯ ನಾರ್ವೆ ಲೇಖನದಲ್ಲಿ ಗ್ರಿಪ್ ದ್ವೀಪದ ಬಗ್ಗೆ ‘ಒಂದು ಕಾಲಕ್ಕೆ ದೇಶದ ಅತಿ ಚಿಕ್ಕ ಪುರಸಭೆ, ಈಗ ಕಾಯಂ ವಾಸ ಯಾರದೂ ಇಲ್ಲ’ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನೂರು ಜನರಿಗೊಂದು ಪುರಸಭೆ ಅಂದರೆ ಸುಮ್ನೆ ದುಡ್ಡು ದಂಡ ಅಲ್ವಾ? ಅದನ್ನು ತೆಗೆದು ಹಾಕಿದ್ದೇ ಸರಿ ಅನ್ನಿಸುತ್ತದೆ. ಜನ ಯಾಕೆ ಊರು ಬಿಟ್ಟರು ಅಂತಲಾದರೂ ಬರೆಯಬೇಕಿತ್ತು.”

ಸಂಪಾದಕರ ಉತ್ತರ:

ನಮಸ್ಕಾರ. ಜನ ಯಾಕೆ ಬಿಟ್ಟರು ಎಂಬ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಆದರೆ ‘ದುಡ್ಡು ದಂಡ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಮೊದಲು ಆ ಜಾಗ ಎಂಥದು ಎಂದು ನೋಡಬೇಕು.

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಕ್ರಿಸ್ತಿಯಾನ್‌ಸುಂದ್ ಎಂಬ ಪಟ್ಟಣವಿದೆ. ಅಲ್ಲಿಂದ ವಾಯವ್ಯಕ್ಕೆ ಸುಮಾರು 14 ಕಿ.ಮೀ. ದೂರದಲ್ಲಿ, ತೆರೆದ ಸಮುದ್ರದ ನಡುವೆ, ಎಂಬತ್ತಕ್ಕೂ ಹೆಚ್ಚು ಪುಟ್ಟ ದ್ವೀಪ, ಬಂಡೆಗಳ ಒಂದು ಗುಂಪು. ಅದೇ ಗ್ರಿಪ್. ಎಲ್ಲವನ್ನೂ ಕೂಡಿಸಿದರೂ ನೆಲ ಅರ್ಧ ಚದರ ಕಿ.ಮೀ. ಮುಟ್ಟುವುದಿಲ್ಲ. ಮನೆಗಳಿರುವುದು ಒಂದೇ ದ್ವೀಪದಲ್ಲಿ. ಅದರ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ ಬರೀ 8 ಮೀಟರ್. ಕಾಡಿಲ್ಲ, ಹೊಲವಿಲ್ಲ. ಕುಡಿಯುವ ನೀರಿಗೆ ಮಳೆಯನ್ನೇ ನಂಬಬೇಕು. ಮರದ ಮನೆಗಳು ಒಂದಕ್ಕೊಂದು ಅಂಟಿಕೊಂಡಂತೆ ನಿಂತಿವೆ.

ಇಂಥ ಜಾಗಕ್ಕೆ ಜನ ಬಂದಿದ್ದು ಮೀನಿಗಾಗಿ. ಚಳಿಗಾಲದಲ್ಲಿ ಕಾಡ್ ಮೀನು ಮೊಟ್ಟೆಯಿಡಲು ಈ ಕರಾವಳಿಗೆ ಬರುತ್ತದೆ. ಹುಟ್ಟು, ಹಾಯಿ ಬಿಟ್ಟರೆ ಬೇರೆ ಗತಿ ಇಲ್ಲದ ಕಾಲದಲ್ಲಿ ಮೀನು ಸಿಗುವ ಕಡೆಯೇ ಮನೆ ಇದ್ದವನಿಗೆ ಲಾಭ ಜಾಸ್ತಿ. ಸೀಸನ್ನಿನಲ್ಲಂತೂ ಹೊರಗಿನ ಬೆಸ್ತರು ಬಂದು ಸೇರಿ ದ್ವೀಪ ತುಂಬಿಹೋಗುತ್ತಿತ್ತು. ಇತ್ತ ಕ್ರಿಸ್ತಿಯಾನ್‌ಸುಂದ್ ಊರು ಬೆಳೆದದ್ದೂ ಇದೇ ಮೀನಿಗೆ ಉಪ್ಪು ಹಾಕಿ, ಒಣಗಿಸಿ, ಸ್ಪೇನ್, ಪೋರ್ಚುಗಲ್ ಕಡೆಗೆ ಕಳಿಸಿ.

ದ್ವೀಪದ ಆ ಎತ್ತರದ ಜಾಗದಲ್ಲಿ ಒಂದು ಮರದ ಚರ್ಚ್ ಇದೆ. ಸುಮಾರು 1470ರಲ್ಲಿ ಕಟ್ಟಿದ್ದು. ಹೊರಗೆ ಕೆಂಪು ಬಣ್ಣ. ಉದ್ದ ಹನ್ನೆರಡು ಮೀಟರ್ ಆಸುಪಾಸು, ಅಷ್ಟೇ. ಒಳಗೆ ಬಲಿಪೀಠದ ಮೇಲೆ ಕದಗಳಿರುವ ಒಂದು ಕೆತ್ತನೆ ಪೆಟ್ಟಿಗೆ. ಕದ ತೆರೆದರೆ ನಡುವೆ ಮೇರಿ, ಒಂದು ಪಕ್ಕ ನಾರ್ವೆಯ ಸಂತ ಓಲಾವ್, ಇನ್ನೊಂದು ಪಕ್ಕ ಸಂತ ಮಾರ್ಗರೇಟ್. ನೆದರ್‌ಲ್ಯಾಂಡ್ಸ್ ಕಡೆಯ ಕೆಲಸ. 1515ರಲ್ಲಿ ಹದಿನಾಲ್ಕು ವರ್ಷದ ರಾಜಕುಮಾರಿ ಇಸಬೆಲ್ಲಾ, ಡೆನ್ಮಾರ್ಕ್ ಮತ್ತು ನಾರ್ವೆಯ ದೊರೆ ಎರಡನೇ ಕ್ರಿಸ್ತಿಯಾನನ ಮದುಮಗಳಾಗಿ ಹಡಗು ಹತ್ತಿದ್ದಳು. ಜೊತೆಗಿದ್ದವರು ಆರ್ಚ್‌ಬಿಷಪ್ ಎರಿಕ್ ವಾಲ್ಕೆಂಡೋರ್ಫ್. ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಬದುಕಿ ಉಳಿದದ್ದಕ್ಕೆ ಕರಾವಳಿಯ ಚರ್ಚ್‌ಗಳಿಗೆ ಇಂಥ ಐದು ಪೆಟ್ಟಿಗೆ ಹರಕೆಯಾಗಿ ಕೊಟ್ಟಳು ಎಂಬುದು ಅಲ್ಲಿನ ಜನ ಹೇಳಿಕೊಂಡು ಬಂದ ಕಥೆ. ಅವುಗಳಲ್ಲಿ ಒಂದು, ಬೆಸ್ತರ ಈ ಬಂಡೆಯ ಮೇಲೆ ಐನೂರು ವರ್ಷದಿಂದ ಉಳಿದಿದೆ. ನನಗಂತೂ ಗ್ರಿಪ್‌ನಲ್ಲಿ ಅತ್ಯಂತ ಬೆಲೆಬಾಳುವ ವಸ್ತು ಇದೇ ಅನ್ನಿಸುತ್ತದೆ.

ಬಿರುಗಾಳಿ ಎಂದರೆ ಅಲ್ಲಿ ಬರೀ ಕಥೆಯಲ್ಲ. 1796ರ ಜನವರಿಯಲ್ಲಿ ಬೀಸಿದ ಗಾಳಿಗೆ ಸಮುದ್ರವೇ ದ್ವೀಪದ ಮೇಲೆ ಹತ್ತಿ ಬಂದು ಹೆಚ್ಚಿನ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಚರ್ಚ್ ಉಳಿಯಿತು. 1888ರಲ್ಲಿ ಪಕ್ಕದ ಬಂಡೆಯ ಮೇಲೆ ನಲವತ್ತು ಮೀಟರಿಗಿಂತ ಎತ್ತರದ ದೀಪಸ್ತಂಭ ಕಟ್ಟಿದರು.

ಈಗ ಪುರಸಭೆಯ ವಿಷಯ. ನಾರ್ವೆಯಲ್ಲಿ 1837ರ ಕಾನೂನಿನಿಂದ ಸ್ಥಳೀಯ ಆಡಳಿತ ಶುರುವಾಯಿತು. ಶಾಲೆ, ಬಡವರ ಪರಿಹಾರ, ರಸ್ತೆ ಇಂಥವನ್ನೆಲ್ಲ ಊರಿನವರೇ ಆರಿಸಿದ ಮಂಡಳಿ ನೋಡಿಕೊಳ್ಳಬೇಕು ಎಂಬುದು ಅದರ ಲೆಕ್ಕಾಚಾರ. ಗ್ರಿಪ್ 1897ರಲ್ಲಿ ತನ್ನದೇ ಪುರಸಭೆಯಾಯಿತು. ಹವಾಮಾನ ಕೆಟ್ಟರೆ ದಿನಗಟ್ಟಲೆ ದೋಣಿ ದಡ ಮುಟ್ಟದ ಜಾಗ ಅದು. ಅಲ್ಲಿನ ಮಕ್ಕಳ ಶಾಲೆ, ಗಂಡನನ್ನು ಸಮುದ್ರಕ್ಕೆ ಕಳೆದುಕೊಂಡ ಹೆಂಗಸಿನ ಅನ್ನ, ಇದನ್ನೆಲ್ಲ ಆಚೆ ದಡದಲ್ಲಿ ಕೂತವರು ತೀರ್ಮಾನಿಸುವುದಕ್ಕಿಂತ ಪಕ್ಕದ ಮನೆಯವರೇ ತೀರ್ಮಾನಿಸುವುದು ಮೇಲಲ್ವಾ? ತಲೆ ಎಣಿಸಿ ಪುರಸಭೆ ಕೊಡುವುದು ಒಂದು ಲೆಕ್ಕ. ದೂರ ನೋಡಿ ಕೊಡುವುದು ಇನ್ನೊಂದು. ಗ್ರಿಪ್‌ಗೆ ಎರಡನೆಯದೇ ನ್ಯಾಯ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸರ್ಕಾರಕ್ಕೆ ಮೊದಲನೆಯದೇ ಸರಿ ಕಂಡಿತು. 1946ರಲ್ಲಿ ಚಿಕ್ಕ ಪುರಸಭೆಗಳನ್ನು ಕೂಡಿಸುವ ಬಗ್ಗೆ ಯೋಚಿಸಲು ನಿಕೊಲಾಯ್ ಶೈ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ವಿಲೀನ ಶುರುವಾಗುವ ಮೊದಲು ದೇಶದಲ್ಲಿ 744 ಪುರಸಭೆಗಳಿದ್ದವು. 1960ರ ದಶಕದ ಕೊನೆಗೆ 454 ಉಳಿದವು. 1964ರ ಜನವರಿ 1ರಂದು ಗ್ರಿಪ್ ಕ್ರಿಸ್ತಿಯಾನ್‌ಸುಂದ್‌ಗೆ ಸೇರಿತು. ಆ ದಿನ ದ್ವೀಪದ ಜನಸಂಖ್ಯೆ 104. ಹತ್ತು ವರ್ಷದಲ್ಲಿ, 1974ರ ಹೊತ್ತಿಗೆ, ಕಾಯಂ ನಿವಾಸಿಗಳೆಲ್ಲ ದ್ವೀಪ ಬಿಟ್ಟಿದ್ದರು.

ಪುರಸಭೆ ಹೋಗಿದ್ದಕ್ಕೇ ಊರು ಖಾಲಿಯಾಯಿತು ಎಂದು ನಾನು ಹೇಳುವುದಿಲ್ಲ. ಅದು ಸುಳ್ಳಾಗುತ್ತದೆ. ಜನ ಹೋಗುವುದು ಮೊದಲೇ ಶುರುವಾಗಿತ್ತು, ಮುಖ್ಯ ಕಾರಣ ಇಂಜಿನ್. ದೋಣಿಗೆ ಮೋಟರ್ ಬಂದ ಮೇಲೆ ಪಟ್ಟಣದಲ್ಲಿ ಮನೆ ಮಾಡಿಕೊಂಡು ಬೆಳಿಗ್ಗೆ ಮೀನಿಗೆ ಹೋಗಿ ಬರಬಹುದಿತ್ತು. ಬಂಡೆಯ ಮೇಲೆ ಕಷ್ಟಪಡಬೇಕಾದ ಅಗತ್ಯವೇ ಉಳಿಯಲಿಲ್ಲ. ದೊಡ್ಡ ದೋಣಿಗಳಿಗೆ ಅಲ್ಲಿನ ಬಂದರು ಸಾಲದು. ಹುಡುಗರಿಗೆ ಓದು, ಕೆಲಸ ಎರಡೂ ಆಚೆ ದಡದಲ್ಲಿ. ಪುರಸಭೆ ಉಳಿದಿದ್ದರೆ ಊರೂ ಉಳಿಯುತ್ತಿತ್ತು ಎನ್ನಲು ಆಗದು. ಆದರೆ ಆ ಕೊನೆಯ ಹತ್ತು ವರ್ಷ ತಮ್ಮ ಊರಿನ ಬಗ್ಗೆ ತಾವೇ ಕೂತು ಮಾತಾಡುವ ಮೇಜು ಅವರಿಗಿರಲಿಲ್ಲ. ನನ್ನ ತಕರಾರು ಇಷ್ಟೇ.

ನಾರ್ವೆಯಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. 2020ರಲ್ಲಿ ಮತ್ತೊಂದು ಸುತ್ತಿನ ವಿಲೀನ ಆಯಿತು. ಗ್ರಿಪ್‌ನ ದಕ್ಷಿಣಕ್ಕೆ ಇದೇ ಕರಾವಳಿಯ ಸಾಂದೊಯ್ ಎಂಬ ದ್ವೀಪ ಪುರಸಭೆಯೂ, ಹಾರಾಮ್ ಪುರಸಭೆಯೂ ಓಲೆಸುಂದ್ ಪಟ್ಟಣಕ್ಕೆ ಸೇರಿದವು. ಹಾರಾಮ್‌ನವರು ಸುಮ್ಮನಿರಲಿಲ್ಲ. 2024ರ ಜನವರಿ 1ಕ್ಕೆ ಬೇರೆಯಾಗಿ ತಮ್ಮ ಪುರಸಭೆಯನ್ನು ವಾಪಸ್ ಪಡೆದರು. ಸಾಂದೊಯ್ ಮಾತ್ರ ಓಲೆಸುಂದ್‌ನಲ್ಲೇ ಉಳಿದಿದೆ.

ಗ್ರಿಪ್‌ನ ಮನೆಗಳು ಈಗ ಹೆಚ್ಚಾಗಿ ಬೇಸಿಗೆಯ ಮನೆಗಳು. ಬೇಸಿಗೆಯಲ್ಲಿ ಕ್ರಿಸ್ತಿಯಾನ್‌ಸುಂದ್‌ನಿಂದ ಪ್ರವಾಸಿ ದೋಣಿ ಹೋಗುತ್ತದೆ, ಚರ್ಚ್‌ನಲ್ಲಿ ಮದುವೆಗಳೂ ನಡೆಯುತ್ತವೆ. ನಿಮ್ಮ ಕಡೆಯವರು ಯಾರಾದರೂ ನಾರ್ವೆಯಲ್ಲಿದ್ದರೆ ಜೂನ್, ಜುಲೈನಲ್ಲಿ ಹೋಗಿ ಬರಲು ಹೇಳಿ. ಆ ಪೆಟ್ಟಿಗೆಯನ್ನು ನೋಡದೆ ವಾಪಸ್ ಬರಬಾರದು.